ಹಡಗಿನ ತಳಕ್ಕೆ ಗಿಡಗಳ ಕಾವಲು

ಮಕ್ಕಳೇ, ನಿಮ್ಮ ಊರಿನಲ್ಲಿ ದನಕರುಗಳು ನೀರು ಕುಡಿಯುವ ತೊಟ್ಟಿಯನ್ನು ನೋಡಿದ್ದೀರಲ್ಲವೇ? ಅದನ್ನು ಚೆನ್ನಾಗಿ ತಿಕ್ಕಿ ತೊಳೆದು ಹೊಸ ನೀರು ತುಂಬಿಸಿರುತ್ತಾರೆ. ನಾಲ್ಕೈದು ದಿನ ಬಿಟ್ಟು ಅದರ ಒಳಗೋಡೆಯನ್ನು ಬೆರಳಿನಿಂದ ಮುಟ್ಟಿ ನೋಡಿ. ಲೋಳೆಯಂತೆ ಜಾರುತ್ತದೆ! ಇನ್ನೂ ಹದಿನೈದು ದಿನ ಹಾಗೆಯೇ ಬಿಟ್ಟರೆ ಗೋಡೆ ಹಸಿರಾಗುತ್ತದೆ. ತಿಂಗಳು ಕಳೆದರೆ ಆ ಹಸಿರಿನ ನಡುವೆ ಪುಟ್ಟ ಪುಟ್ಟ ಹುಳುಗಳೂ ಕಾಣಿಸಬಹುದು. ಅವುಗಳನ್ನು ಯಾರೂ ಬಿತ್ತಲಿಲ್ಲ, ಯಾರೂ ತಂದು ಬಿಡಲಿಲ್ಲ. ಹಾಗಾದರೆ ಅವು ಬಂದದ್ದು ಎಲ್ಲಿಂದ?

ನೀರಿನಲ್ಲಿ ಕಣ್ಣಿಗೆ ಕಾಣದ ಅಸಂಖ್ಯಾತ ಜೀವಿಗಳಿವೆ. ಅವುಗಳಲ್ಲಿ ಅನೇಕವು ನೆಲೆ ನಿಲ್ಲಲು ಒಂದು ಗಟ್ಟಿಯಾದ ಜಾಗವನ್ನು ಹುಡುಕುತ್ತಿರುತ್ತವೆ. ನೀರಿನಲ್ಲಿ ಕಲ್ಲು, ಮರ, ಕಬ್ಬಿಣ, ಪ್ಲಾಸ್ಟಿಕ್ ಯಾವುದೇ ವಸ್ತುವನ್ನು ಮುಳುಗಿಸಿಟ್ಟರೂ ಅವು ಅದರ ಮೇಲೆ ನೆಲೆಸುತ್ತವೆ. ತೊಟ್ಟಿಯಲ್ಲಿ ನಡೆಯುವ ಈ ಕೆಲಸ ಸಮುದ್ರದಲ್ಲಿ ಇನ್ನೂ ಜೋರಾಗಿ ನಡೆಯುತ್ತದೆ. ಹಡಗಿನ ತಳ, ಮೀನುಗಾರರ ದೋಣಿ, ಬಂದರಿನ ಕಂಬ, ಬಲೆ, ನೀರಿನ ಕೊಳವೆ ಎಲ್ಲದರ ಮೇಲೂ ಜೀವಿಗಳು ಮೆತ್ತಿಕೊಳ್ಳುತ್ತವೆ. ಇದಕ್ಕೆ ವಿಜ್ಞಾನಿಗಳು ‘ಬಯೋಫೌಲಿಂಗ್’ ಎಂದು ಹೆಸರಿಟ್ಟಿದ್ದಾರೆ. ‘ಬಯೋ’ ಎಂದರೆ ಜೀವ, ‘ಫೌಲಿಂಗ್’ ಎಂದರೆ ಕೊಳೆಯಾಗುವುದು. ಇದು ಜೀವಿಗಳೇ ಮೆತ್ತಿಕೊಂಡು ಉಂಟಾಗುವ ಕೊಳೆ.

ಇದನ್ನು ತಡೆಯಲು ಮನುಷ್ಯ ನೂರಾರು ವರ್ಷಗಳಿಂದ ವಿಷವನ್ನು ಬಳಸುತ್ತಾ ಬಂದಿದ್ದಾನೆ. ವಿಷವಿಲ್ಲದೆ ಈ ಕೆಲಸ ಸಾಧ್ಯವೇ? ಇದಕ್ಕೆ ಉತ್ತರ ಹುಡುಕುತ್ತಾ ವಿಜ್ಞಾನಿಗಳು ಈಗ ಗಿಡಗಳ ಕಡೆಗೆ ತಿರುಗಿದ್ದಾರೆ. ಅವರು ಕಂಡುಕೊಂಡದ್ದೇನು, ಇನ್ನೂ ಬಿಡಿಸಲಾಗದ ತೊಡಕುಗಳೇನು ಎಂಬುದನ್ನು ತಿಳಿಯೋಣ ಬನ್ನಿ.

ಒಬ್ಬರ ಹಿಂದೆ ಒಬ್ಬರು

ಶುದ್ಧವಾದ ಒಂದು ಹಲಗೆಯನ್ನು ಸಮುದ್ರಕ್ಕೆ ಇಳಿಸಿದೆವು ಎಂದಿಟ್ಟುಕೊಳ್ಳಿ. ಕೆಲವೇ ನಿಮಿಷಗಳಲ್ಲಿ ನೀರಿನಲ್ಲಿ ಕರಗಿರುವ ಪ್ರೋಟೀನ್, ಸಕ್ಕರೆ ಮುಂತಾದ ಪದಾರ್ಥಗಳು ಅದರ ಮೇಲೆ ತೆಳುವಾದ ಪದರವಾಗಿ ಕೂಡುತ್ತವೆ. ಕೆಲವು ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳು ಬಂದು ಅಂಟಿಕೊಳ್ಳುತ್ತವೆ. ಅವು ತಮ್ಮ ಸುತ್ತಲೂ ಒಂದು ಲೋಳೆಯನ್ನು ಸ್ರವಿಸುತ್ತವೆ. ತೊಟ್ಟಿಯ ಗೋಡೆ ಜಾರುವುದು ಇಂಥ ಲೋಳೆಯಿಂದಲೇ. ಅನಂತರ ಡಯಾಟಮ್ ಎಂಬ ಒಂದೇ ಜೀವಕೋಶದ ಪಾಚಿಗಳು ಸೇರಿಕೊಳ್ಳುತ್ತವೆ. ಕೆಲವು ದಿನ, ವಾರಗಳಲ್ಲಿ ಕಡಲಕಳೆಗಳ ಬೀಜಕಣಗಳು, ಬರ್ನಾಕಲ್ ಮತ್ತು ಪಚ್ಚಿಲೆಯಂತಹ ಚಿಪ್ಪುಜೀವಿಗಳ ಮರಿಗಳು ಬಂದು ನೆಲೆಸುತ್ತವೆ. ಹೀಗೆ ಬರಿದಾಗಿದ್ದ ಹಲಗೆ ಒಂದು ಪುಟ್ಟ ಊರೇ ಆಗಿಬಿಡುತ್ತದೆ!

ತಲೆ ಕೆಳಗಾಗಿ ಬಾಳುವ ಬರ್ನಾಕಲ್

ಈ ಊರಿನ ಅತ್ಯಂತ ಹಟಮಾರಿ ನಿವಾಸಿ ಎಂದರೆ ಬರ್ನಾಕಲ್. ಕಡಲ ತೀರದ ಬಂಡೆಗಳ ಮೇಲೆ ಪುಟ್ಟ ಪುಟ್ಟ ಜ್ವಾಲಾಮುಖಿಗಳಂತೆ ಕಾಣುವ ಬಿಳಿಯ, ಒರಟಾದ ಗೂಡುಗಳು ಇವುಗಳದೇ. ಬರಿಗಾಲಿನಲ್ಲಿ ಬಂಡೆ ಹತ್ತಿದರೆ ಕಾಲು ಕೊಯ್ಯುತ್ತದೆ. ನೋಡಲು ಚಿಪ್ಪಿನಂತೆ ಇದ್ದರೂ ಬರ್ನಾಕಲ್ ಏಡಿ, ಸಿಗಡಿಗಳ ಹತ್ತಿರದ ನೆಂಟ. ವಿಕಾಸವಾದವನ್ನು ಮಂಡಿಸಿದ ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ, ಅಂದರೆ ಎಂಟು ವರ್ಷಗಳ ಕಾಲ, ಈ ಜೀವಿಗಳನ್ನು ಅಧ್ಯಯನ ಮಾಡಿದರು.

ಬರ್ನಾಕಲ್‌ನ ಮರಿ ಹುಟ್ಟಿದಾಗ ನೀರಿನಲ್ಲಿ ಈಜಾಡುತ್ತಿರುತ್ತದೆ. ಹಲವು ಸಲ ಪೊರೆ ಕಳಚಿ ಬೆಳೆದ ಮೇಲೆ ಅದು ‘ಸಿಪ್ರಿಡ್’ ಎಂಬ ಕೊನೆಯ ಹಂತಕ್ಕೆ ಬರುತ್ತದೆ. ಈ ಹಂತದಲ್ಲಿ ಅದು ಆಹಾರವನ್ನೇ ತಿನ್ನುವುದಿಲ್ಲ. ಅದಕ್ಕೆ ಒಂದೇ ಕೆಲಸ, ಮನೆಗೆ ಜಾಗ ಹುಡುಕುವುದು! ತನ್ನ ಎರಡು ಮೀಸೆಗಳನ್ನು ಕಾಲಿನಂತೆ ಊರುತ್ತಾ ಅದು ಹಲಗೆಯ ಮೇಲೆ ನಡೆದಾಡುತ್ತದೆ. ಜಾಗ ಒರಟಾಗಿದೆಯೇ, ನುಣುಪಾಗಿದೆಯೇ, ತನ್ನ ಜಾತಿಯ ಬರ್ನಾಕಲ್‌ಗಳು ಹತ್ತಿರದಲ್ಲಿವೆಯೇ ಎಂದು ಪರೀಕ್ಷಿಸುತ್ತದೆ. ಹಿಡಿಸದಿದ್ದರೆ ಈಜಿಕೊಂಡು ಬೇರೆಡೆಗೆ ಹೋಗುತ್ತದೆ. ಹಿಡಿಸಿತೋ, ತಲೆಯ ಭಾಗದಿಂದ ಗಟ್ಟಿಯಾದ ಅಂಟನ್ನು ಸ್ರವಿಸಿ ಅಲ್ಲಿಯೇ ಅಂಟಿಕೊಂಡುಬಿಡುತ್ತದೆ. ಮುಂದೆ ಜೀವಮಾನವಿಡೀ ತಲೆ ಕೆಳಗಾಗಿ ನಿಂತು, ಗರಿಯಂತಹ ಕಾಲುಗಳನ್ನು ಬೀಸಿ ಆಹಾರವನ್ನು ಬಾಯಿಗೆ ಎಳೆದುಕೊಳ್ಳುತ್ತದೆ. ಅದು ಸತ್ತ ಮೇಲೂ ಸುಣ್ಣದ ಗೂಡು ಅಂಟಿಕೊಂಡೇ ಇರುತ್ತದೆ.

ಇಲ್ಲೊಂದು ವಿಷಯವನ್ನು ನೆನಪಿಟ್ಟುಕೊಳ್ಳಿ. ಅಂಟಿಕೊಳ್ಳುವ ಮೊದಲು ಮರಿ ಜಾಗವನ್ನು ಪರೀಕ್ಷೆ ಮಾಡುತ್ತದೆ. ಗಿಡಗಳಿಂದ ನಮಗೆ ಸಿಗಬಹುದಾದ ಉಪಾಯ ಇರುವುದು ಈ ಹಂತದಲ್ಲಿಯೇ.

ಅಂಟಿಕೊಂಡರೆ ನಷ್ಟವೇನು?

ನುಣುಪಾದ ನೆಲದ ಮೇಲೆ ಪೆಟ್ಟಿಗೆಯನ್ನು ತಳ್ಳುವುದು ಸುಲಭ. ಜಲ್ಲಿ ಹರಡಿದ ನೆಲದ ಮೇಲೆ ತಳ್ಳುವುದು ಕಷ್ಟ. ಹಾಗೆಯೇ ತಳ ಒರಟಾದ ಹಡಗು ನೀರನ್ನು ಸೀಳಿಕೊಂಡು ಹೋಗಲು ಹೆಚ್ಚು ಶಕ್ತಿ ಬೇಕು. ಅಮೆರಿಕದ ನೌಕಾ ಅಕಾಡೆಮಿಯ ಮೈಕೆಲ್ ಷುಲ್ಟ್ಸ್ ಅವರು 2007ರಲ್ಲಿ ಒಂದು ಯುದ್ಧನೌಕೆಯನ್ನು ತೆಗೆದುಕೊಂಡು ಲೆಕ್ಕ ಹಾಕಿದರು. ತಳದಲ್ಲಿ ಸುಣ್ಣದ ಚಿಪ್ಪಿನ ಜೀವಿಗಳು ದಟ್ಟವಾಗಿ ಬೆಳೆದರೆ, ಅದೇ ವೇಗದಲ್ಲಿ ಸಾಗಲು ಬೇಕಾಗುವ ಶಕ್ತಿ ಶೇಕಡಾ 86ರವರೆಗೂ ಹೆಚ್ಚಬಹುದು ಎಂದು ಕಂಡುಬಂತು. ಅಂದರೆ ಮೊದಲು 100 ಪಾಲು ಶಕ್ತಿ ಸಾಕಾಗುತ್ತಿದ್ದಲ್ಲಿ ಈಗ 186 ಪಾಲು ಬೇಕು! ಹೆಚ್ಚು ಶಕ್ತಿ ಎಂದರೆ ಹೆಚ್ಚು ಎಣ್ಣೆ, ಹೆಚ್ಚು ಹೊಗೆ.

ನಮ್ಮ ಕರಾವಳಿಯ ಮಲ್ಪೆ, ಮಂಗಳೂರು, ಕಾರವಾರಗಳ ಮೀನುಗಾರರಿಗೂ ಇದು ದಿನನಿತ್ಯದ ಸಮಸ್ಯೆ. ದೋಣಿಯ ತಳ ಒರಟಾದಷ್ಟೂ ಡೀಸೆಲ್ ಹೆಚ್ಚು ಬೇಕು. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಸಮಯದಲ್ಲಿ ದೋಣಿಗಳನ್ನು ದಡಕ್ಕೆ ಎಳೆದು, ತಳ ಕೆರೆದು, ಹೊಸ ಬಣ್ಣ ಬಳಿಯುವುದನ್ನು ಕರಾವಳಿಯ ಮಕ್ಕಳು ನೋಡಿರುತ್ತಾರೆ.

ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಚೆನ್ನೈ ಬಳಿಯ ಕಲ್ಪಾಕ್ಕಂ ಅಣು ವಿದ್ಯುತ್ ಸ್ಥಾವರವು ಯಂತ್ರಗಳನ್ನು ತಂಪಾಗಿಸಲು ಸಮುದ್ರದ ನೀರನ್ನು ಸುರಂಗದ ಮೂಲಕ ತರುತ್ತದೆ. ಆ ಸುರಂಗದಲ್ಲಿ ಪಚ್ಚಿಲೆಗಳು ಬೆಳೆದು ನೀರಿನ ಹರಿವಿಗೆ ತೊಂದರೆ ಮಾಡುತ್ತಿದ್ದುದರಿಂದ ನೀರಿಗೆ ಕ್ಲೋರಿನ್ ಬೆರೆಸಬೇಕಾಯಿತು. ಸಮುದ್ರದಲ್ಲಿ ಬಲೆಯ ಪಂಜರ ಕಟ್ಟಿ ಮೀನು ಸಾಕುವವರಿಗೂ ಇದೇ ಕಾಟ. ಬಲೆಯ ಕಣ್ಣುಗಳು ಮುಚ್ಚಿಹೋದರೆ ಒಳಗಿನ ಮೀನುಗಳಿಗೆ ಹೊಸ ನೀರು ಬರುವುದಿಲ್ಲ, ಆಮ್ಲಜನಕ ಸಾಲುವುದಿಲ್ಲ.

ಹಡಗಿಗೆ ಅಂಟಿದ ಜೀವಿಗಳು ದೇಶದಿಂದ ದೇಶಕ್ಕೆ ಪಯಣ ಬೆಳೆಸುವುದೂ ಉಂಟು. ಮಿಟಿಲಾಪ್ಸಿಸ್ ಎಂಬ ಪುಟ್ಟ ಚಿಪ್ಪುಜೀವಿ ಅಮೆರಿಕ ಖಂಡದ ಬೆಚ್ಚನೆಯ ಕಡಲಿನದು. 1967ರಲ್ಲಿ ಅದು ವಿಶಾಖಪಟ್ಟಣದ ಬಂದರಿನಲ್ಲಿ ಕಂಡುಬಂತು!

ತಾಮ್ರದ ತಗಡು, ತವರದ ವಿಷ

ಹಿಂದೆ ಹಡಗುಗಳನ್ನು ಮರದಿಂದ ಕಟ್ಟುತ್ತಿದ್ದರು. 1761ರಲ್ಲಿ ಬ್ರಿಟಿಷ್ ನೌಕಾಪಡೆಯು ‘ಅಲಾರ್ಮ್’ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡನ್ನು ಹೊದಿಸಿ ಪರೀಕ್ಷೆ ಮಾಡಿತು. ಜೀವಿಗಳು ಮೆತ್ತಿಕೊಳ್ಳುವುದು ಬಹಳ ಕಡಿಮೆಯಾಯಿತು. ಕಾರಣವೇನು ಗೊತ್ತೇ? ತಾಮ್ರವು ಸಮುದ್ರದ ನೀರಿನಲ್ಲಿ ನಿಧಾನವಾಗಿ ಕರಗುತ್ತದೆ. ಕರಗಿದ ತಾಮ್ರ ಪುಟ್ಟ ಜೀವಿಗಳಿಗೆ ವಿಷ. ಮುಂದೆ ಕಬ್ಬಿಣದ ಹಡಗುಗಳು ಬಂದವು. ಕಬ್ಬಿಣಕ್ಕೆ ತಾಮ್ರ ತಾಗಿದರೆ ಉಪ್ಪುನೀರಿನಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಆದ್ದರಿಂದ ತಗಡಿನ ಬದಲು ತಾಮ್ರದ ಸಂಯುಕ್ತಗಳನ್ನು ಬೆರೆಸಿದ ಬಣ್ಣಗಳು ಬಳಕೆಗೆ ಬಂದವು.

1960ರ ದಶಕದಲ್ಲಿ ಇನ್ನೂ ಪ್ರಬಲವಾದ ಒಂದು ವಿಷ ಬಂತು. ಅದು ತವರದ ಒಂದು ಸಂಯುಕ್ತ. ಹೆಸರು ಟ್ರೈಬ್ಯುಟೈಲ್ ಟಿನ್, ಚಿಕ್ಕದಾಗಿ ಟಿ.ಬಿ.ಟಿ. ಇದನ್ನು ಬೆರೆಸಿದ ಬಣ್ಣ ಬಳಿದರೆ ಹಡಗಿನ ತಳ ವರ್ಷಗಟ್ಟಲೆ ಶುಚಿಯಾಗಿರುತ್ತಿತ್ತು. ಎಲ್ಲರಿಗೂ ಸಂತೋಷವಾಯಿತು.

ಆದರೆ ಫ್ರಾನ್ಸ್ ದೇಶದ ಅರ್ಕಶಾನ್ ಎಂಬ ಕೊಲ್ಲಿಯಲ್ಲಿ ಏನಾಯಿತು ನೋಡಿ. ಅಲ್ಲಿನ ಜನ ಸಿಂಪಿಗಳನ್ನು ಸಾಕಿ ಮಾರಿ ಬದುಕುವವರು. 1970ರ ದಶಕದ ಕೊನೆಯ ಹೊತ್ತಿಗೆ ಅವರ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪವಾಗತೊಡಗಿತು. ಮರಿಗಳು ಬದುಕಲಿಲ್ಲ. ಹುಡುಕಿದಾಗ ಸಿಕ್ಕ ಕಾರಣ, ಅದೇ ಕೊಲ್ಲಿಯಲ್ಲಿ ನಿಲ್ಲುತ್ತಿದ್ದ ದೋಣಿಗಳ ಬಣ್ಣದಿಂದ ನೀರಿಗೆ ಸೇರುತ್ತಿದ್ದ ಟಿ.ಬಿ.ಟಿ. ಬೇರೆ ಕಡೆಗಳಲ್ಲಿ ಒಂದು ಬಗೆಯ ಕಡಲ ಶಂಖದ ಹುಳುಗಳಲ್ಲಿ ಹೆಣ್ಣುಗಳು ಮೊಟ್ಟೆ ಇಡಲಾರದಂತಾದವು. ಇದಕ್ಕೆ ಎಷ್ಟು ವಿಷ ಸಾಕಾಗಿತ್ತು ಗೊತ್ತೇ? ಒಂದು ಗ್ರಾಂ ಅನ್ನು ನೂರು ಕೋಟಿ ಪಾಲು ಮಾಡಿ. ಅದರಲ್ಲಿ ಒಂದು ಪಾಲು ಒಂದು ಲೀಟರ್ ನೀರಿನಲ್ಲಿದ್ದರೂ ಆ ಹುಳುಗಳಿಗೆ ತೊಂದರೆ ಆರಂಭವಾಗುತ್ತಿತ್ತು!

ಫ್ರಾನ್ಸ್ 1982ರಲ್ಲಿ ಚಿಕ್ಕ ದೋಣಿಗಳಿಗೆ ಈ ಬಣ್ಣ ಬಳಿಯುವುದನ್ನು ನಿಷೇಧಿಸಿತು. 2001ರಲ್ಲಿ ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆಯಲ್ಲಿ ದೇಶಗಳು ಸೇರಿ ಎಲ್ಲ ಹಡಗುಗಳಿಗೂ ಅನ್ವಯಿಸುವಂತೆ ಒಪ್ಪಂದ ಮಾಡಿಕೊಂಡವು. ಅದು 2008ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಟಿ.ಬಿ.ಟಿ. ಹೋದ ಮೇಲೆ ಮತ್ತೆ ತಾಮ್ರದ ಬಣ್ಣಗಳೇ ಮುಖ್ಯವಾದವು. ಅವುಗಳಲ್ಲಿ ಪಾಚಿಯನ್ನು ಕೊಲ್ಲಲು ಬೆರೆಸುತ್ತಿದ್ದ ಸೈಬ್ಯುಟ್ರಿನ್ ಎಂಬ ರಾಸಾಯನಿಕವನ್ನೂ 2023ರ ಜನವರಿಯಿಂದ ಇದೇ ಒಪ್ಪಂದದ ಅಡಿಯಲ್ಲಿ ನಿಷೇಧಿಸಲಾಗಿದೆ. ತಾಮ್ರವೂ ಪೂರ್ತಿ ನಿರಪಾಯಕಾರಿಯಲ್ಲ. ನೀರಿನ ಓಡಾಟ ಕಡಿಮೆ ಇರುವ ಬಂದರುಗಳಲ್ಲಿ ಅದು ಕೂಡಿಕೊಂಡು ಇತರ ಜೀವಿಗಳಿಗೆ ಕೇಡು ಮಾಡಬಲ್ಲದು.

ಗಿಡಗಳು ಓಡಿಹೋಗಲಾರವು

ಈಗ ಗಿಡಗಳ ವಿಷಯಕ್ಕೆ ಬರೋಣ. ಹಸು ಮೇಯಲು ಬಂದರೆ ಗಿಡ ಓಡಿಹೋಗಬಲ್ಲದೇ? ಹುಳು ಹತ್ತಿದರೆ ಒದರಿಕೊಳ್ಳಬಲ್ಲದೇ? ಇಲ್ಲ. ಅದಕ್ಕೇ ಗಿಡಗಳು ತಮ್ಮ ರಕ್ಷಣೆಗಾಗಿ ಬಗೆಬಗೆಯ ರಾಸಾಯನಿಕಗಳನ್ನು ತಯಾರಿಸಿಕೊಳ್ಳುತ್ತವೆ. ಬೇವಿನ ಕಹಿ, ಮೆಣಸಿನಕಾಯಿಯ ಖಾರ, ಎಳೆ ಬಾಳೆಕಾಯಿಯ ಒಗರು, ಹಸಿ ಗೋಡಂಬಿಯ ಸಿಪ್ಪೆಯಲ್ಲಿರುವ, ಕೈ ಸುಡುವ ಎಣ್ಣೆ ಎಲ್ಲವೂ ಗಿಡಗಳ ಆಯುಧಗಳೇ.

ನಮ್ಮ ಹಿರಿಯರು ಇವುಗಳನ್ನು ಬಳಸಿಕೊಳ್ಳುವುದನ್ನು ಬಹಳ ಹಿಂದೆಯೇ ಕಲಿತಿದ್ದರು. ಕಾಳಿನ ಡಬ್ಬಿಯಲ್ಲಿ ಅಜ್ಜಿ ಒಣಗಿದ ಬೇವಿನ ಎಲೆ ಹಾಕಿಡುವುದನ್ನು ನೀವು ನೋಡಿರಬಹುದು. ಹುಳು ಹತ್ತಿರ ಬಾರದಿರಲಿ ಎಂಬುದೇ ಅದರ ಉದ್ದೇಶ. ಪಶ್ಚಿಮ ಕರಾವಳಿಯಲ್ಲಿ ಮರದ ದೋಣಿಗಳಿಗೆ ಗೋಡಂಬಿ ಸಿಪ್ಪೆಯ ಎಣ್ಣೆಯನ್ನು ಬಳಿಯುವ ರೂಢಿ ಇತ್ತು. ನೈಲಾನ್ ಬಲೆಗಳು ಬರುವ ಮೊದಲು ಹತ್ತಿ, ಸೆಣಬಿನ ಬಲೆಗಳು ಬೇಗ ಕೊಳೆಯದಂತೆ ಅವುಗಳನ್ನು ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸುತ್ತಿದ್ದರು.

ಗೋವಾದ ದೋನಾಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇಂಥ ಗಿಡಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಅವರೆ, ಹುರುಳಿಗಳ ಕುಟುಂಬಕ್ಕೆ ಸೇರಿದ ಡೆರಿಸ್ ಎಂಬ ಬಳ್ಳಿಯ ಸಾರವು, ಹಡಗಿಗೆ ಮೆತ್ತುವ ಬ್ಯಾಕ್ಟೀರಿಯಾ ಮತ್ತು ಡಯಾಟಮ್‌ಗಳ ಬೆಳವಣಿಗೆಯನ್ನು ತಡೆಯುತ್ತದೆ ಎಂದು 1995ರಲ್ಲಿ ವರದಿ ಮಾಡಿದರು.

ಒಗರಿನಲ್ಲಿದೆ ಶಕ್ತಿ

ಎಳೆ ಬಾಳೆಕಾಯಿಯನ್ನೋ ಹಸಿ ಅಡಿಕೆಯನ್ನೋ ಕಚ್ಚಿದಾಗ ನಾಲಿಗೆ ಒರಟಾದಂತೆ ಅನ್ನಿಸುತ್ತದೆ. ಇದೇ ಒಗರು. ಇದಕ್ಕೆ ಕಾರಣವಾದ ವಸ್ತುಗಳಿಗೆ ‘ಟ್ಯಾನಿನ್’ ಎಂದು ಹೆಸರು. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ಚೊಗರಿನಲ್ಲಿ, ಚಹಾದಲ್ಲಿ, ಅಳಲೆಕಾಯಿಯಲ್ಲಿ, ತಂಗಡಿ ಗಿಡದ ತೊಗಟೆಯಲ್ಲಿ ಟ್ಯಾನಿನ್ ಧಾರಾಳವಾಗಿದೆ. ಟ್ಯಾನಿನ್ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ನಮ್ಮ ಎಂಜಲಿನಲ್ಲಿರುವ ಪ್ರೋಟೀನನ್ನು ಅದು ಹಿಡಿದುಕೊಳ್ಳುವುದರಿಂದಲೇ ನಾಲಿಗೆ ಒಣಗಿದಂತಾಗುತ್ತದೆ. ಚರ್ಮ ಹದ ಮಾಡಲು ಅಳಲೆಕಾಯಿ, ತಂಗಡಿ ತೊಗಟೆಗಳನ್ನು ಬಳಸುವುದೂ ಇದೇ ಕಾರಣಕ್ಕೆ.

ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದಲ್ಲಿ ಕೆಬ್ರಾಚೊ ಎಂಬ ಮರವಿದೆ. ಅದರ ಹೆಸರಿನ ಅರ್ಥ ‘ಕೊಡಲಿ ಮುರುಕ’. ಅಷ್ಟು ಗಟ್ಟಿ ಮರ! ಅದರಲ್ಲಿ ಟ್ಯಾನಿನ್ ಹೇರಳವಾಗಿದೆ. ಆ ದೇಶದ ಲಾ ಪ್ಲಾಟಾ ನಗರದಲ್ಲಿರುವ ಬಣ್ಣಗಳ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2003ರಲ್ಲಿ ಕೆಬ್ರಾಚೊ ಮತ್ತು ಇತರ ಮರಗಳ ಟ್ಯಾನಿನ್‌ಗಳ ಬಗ್ಗೆ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಟ್ಯಾನಿನ್ ಬೆರೆಸಿದ ನೀರಿನಲ್ಲಿ ಬರ್ನಾಕಲ್ ಮರಿಗಳಿಗೆ ಮತ್ತು ಬಂದಂತಾಗಿ ಅವುಗಳ ಚಟುವಟಿಕೆ ಕುಗ್ಗಿತು. ಚುರುಕಾಗಿ ಓಡಾಡಲಾರದ ಮರಿ ಜಾಗ ಹುಡುಕುವುದು ಹೇಗೆ?

ಆದರೆ ಒಂದು ತೊಂದರೆ ಎದುರಾಯಿತು. ಟ್ಯಾನಿನ್ ನೀರಿನಲ್ಲಿ ಬೇಗ ಕರಗುತ್ತದೆ. ಬಣ್ಣಕ್ಕೆ ಹಾಗೆಯೇ ಬೆರೆಸಿದರೆ ಸ್ವಲ್ಪ ದಿನಗಳಲ್ಲಿ ತೊಳೆದುಹೋಗುತ್ತದೆ. ಅದಕ್ಕೆ ಅವರು ಟ್ಯಾನಿನ್ ಅನ್ನು ಅಲ್ಯೂಮಿನಿಯಂನಂತಹ ಲೋಹದ ಜೊತೆ ಕೂಡಿಸಿ, ಸುಲಭವಾಗಿ ಕರಗದ ಪುಡಿಯನ್ನಾಗಿ ಮಾಡಿ ಬಣ್ಣಕ್ಕೆ ಬೆರೆಸಿದರು. ಲೋಹದ ಜೊತೆ ಟ್ಯಾನಿನ್ ಕೂಡುವುದನ್ನು ನೀವೂ ನೋಡಬಹುದು. ಈ ಲೇಖನದ ಕೊನೆಯಲ್ಲಿ ಅದಕ್ಕೊಂದು ಪ್ರಯೋಗವಿದೆ.

ಕಡಲಿನೊಳಗೂ ಇದ್ದಾರೆ ಜಾಣರು

ಸಮುದ್ರದಲ್ಲಿ ಮುಳುಗಿರುವ ವಸ್ತುಗಳ ಮೇಲೆ ಜೀವಿಗಳು ಮೆತ್ತಿಕೊಳ್ಳುತ್ತವೆ ಎಂದೆವು. ಹಾಗಾದರೆ ಸಮುದ್ರದಲ್ಲೇ ಬೆಳೆಯುವ ಗಿಡಗಳ ಎಲೆಯ ಮೇಲೆ? ಎಲೆಯ ತುಂಬ ಜೀವಿಗಳು ಕೂತರೆ ಅದಕ್ಕೆ ಬಿಸಿಲು ಸಿಗುವುದಿಲ್ಲ, ಆಹಾರ ತಯಾರಿಸಲು ಆಗುವುದಿಲ್ಲ. ಆದ್ದರಿಂದ ಅವುಗಳಲ್ಲಿ ಕೆಲವು ತಮ್ಮದೇ ಉಪಾಯ ಕಂಡುಕೊಂಡಿವೆ.

ಉತ್ತರ ಗೋಳಾರ್ಧದ ತಂಪು ಕಡಲುಗಳಲ್ಲಿ ಜೋಸ್ಟೆರಾ ಎಂಬ ಕಡಲಹುಲ್ಲು ಬೆಳೆಯುತ್ತದೆ. ಇದು ಪಾಚಿಯಲ್ಲ. ಬೇರು, ಎಲೆ, ಹೂವು ಎಲ್ಲವೂ ಇರುವ ನಿಜವಾದ ಗಿಡ. (ಇದೇ ರೀತಿಯ ಬೇರೆ ಕಡಲಹುಲ್ಲುಗಳು ನಮ್ಮ ದೇಶದ ಮನ್ನಾರ್ ಕೊಲ್ಲಿಯಲ್ಲಿಯೂ ಇವೆ.) ಜೋಸ್ಟೆರಾದಲ್ಲಿ ಜೋಸ್ಟೆರಿಕ್ ಆಮ್ಲ ಎಂಬ ವಸ್ತುವಿದೆ. ಇದು ಬ್ಯಾಕ್ಟೀರಿಯಾ ಮತ್ತು ಬರ್ನಾಕಲ್‌ಗಳನ್ನು ಕೊಲ್ಲದೆಯೇ ಅವು ಅಂಟಿಕೊಳ್ಳುವುದನ್ನು ತಡೆಯುತ್ತದೆ ಎಂದು 1993ರಲ್ಲಿ ಪ್ರಕಟವಾಯಿತು. ನಮ್ಮ ಅಡುಗೆಮನೆಯ ದಾಲ್ಚಿನ್ನಿಯಿಂದ ಹೆಸರು ಪಡೆದ ಸಿನ್ನಮಿಕ್ ಆಮ್ಲದ ಕುಟುಂಬಕ್ಕೇ ಇದೂ ಸೇರಿದೆ!

ಆಸ್ಟ್ರೇಲಿಯಾದ ಕಡಲಿನಲ್ಲಿ ಡೆಲಿಸಿಯಾ ಎಂಬ ಕೆಂಪು ಕಡಲಕಳೆ ಇದೆ. ಇದು ಸಸ್ಯವೆಂದು ಕರೆಸಿಕೊಳ್ಳದಿದ್ದರೂ ಗಿಡದಂತೆಯೇ ಬಿಸಿಲಿನಿಂದ ಬದುಕುವ ಜೀವಿ. ಸಿಡ್ನಿಯ ವಿಜ್ಞಾನಿಗಳು 1990ರ ದಶಕದಲ್ಲಿ ಇದರ ಗುಟ್ಟನ್ನು ಬಿಡಿಸಿದರು. ಬ್ಯಾಕ್ಟೀರಿಯಾಗಳು ಒಂದಕ್ಕೊಂದು ರಾಸಾಯನಿಕ ಸಂದೇಶ ಕಳುಹಿಸುತ್ತವೆ. ‘ನಾವೀಗ ಸಾಕಷ್ಟು ಮಂದಿ ಸೇರಿದ್ದೇವೆ’ ಎಂದು ತಿಳಿದ ಮೇಲೆಯೇ ಅವು ಕೆಲವು ಕೆಲಸಗಳನ್ನು ಒಟ್ಟಾಗಿ ಮಾಡುತ್ತವೆ. ಡೆಲಿಸಿಯಾ ತಯಾರಿಸುವ ‘ಫ್ಯುರನೋನ್’ ಎಂಬ ವಸ್ತುಗಳು ನೋಡಲು ಆ ಸಂದೇಶದಂತೆಯೇ ಇದ್ದು, ಸಂದೇಶ ತಲುಪದಂತೆ ಅಡ್ಡಿ ಮಾಡುತ್ತವೆ. ಮಾತುಕತೆಯೇ ನಿಂತರೆ ಒಟ್ಟಾಗಿ ಕೆಲಸ ಮಾಡುವುದು ಹೇಗೆ?

ಕೊಲ್ಲುವುದೋ, ದೂರ ಇಡುವುದೋ?

ಟಿ.ಬಿ.ಟಿ.ಗೂ ಜೋಸ್ಟೆರಿಕ್ ಆಮ್ಲಕ್ಕೂ ಇರುವ ವ್ಯತ್ಯಾಸ ನಿಮಗೆ ಈಗ ತಿಳಿದಿರಬೇಕು. ಒಂದು ಹತ್ತಿರ ಬಂದವರನ್ನೂ ದೂರದಲ್ಲಿದ್ದವರನ್ನೂ ಕೊಲ್ಲುತ್ತದೆ. ಇನ್ನೊಂದು ‘ಇಲ್ಲಿ ಜಾಗವಿಲ್ಲ, ಮುಂದೆ ಹೋಗು’ ಎನ್ನುತ್ತದೆ. ಹಡಗಿಗೆ ಬೇಕಾದದ್ದು ಅಷ್ಟೇ. ಬರ್ನಾಕಲ್ ನಮ್ಮ ಶತ್ರುವಲ್ಲ. ಅದು ಬಂಡೆಯ ಮೇಲೆ ಬದುಕಲಿ, ಹಡಗಿನ ಮೇಲೆ ಬೇಡ.

ಒಂದು ವಸ್ತು ಕೊಲ್ಲುತ್ತದೆಯೋ, ಬರೀ ದೂರ ಇಡುತ್ತದೆಯೋ ಎಂದು ತಿಳಿಯುವುದು ಹೇಗೆ? ವಿಜ್ಞಾನಿಗಳು ಬರ್ನಾಕಲ್ ಮರಿಗಳನ್ನು ಪುಟ್ಟ ಬಟ್ಟಲುಗಳಲ್ಲಿ ಬಿಟ್ಟು, ಒಂದೊಂದು ಬಟ್ಟಲಿಗೆ ಒಂದೊಂದು ಪ್ರಮಾಣದಲ್ಲಿ ಆ ವಸ್ತುವನ್ನು ಹಾಕುತ್ತಾರೆ. ಒಂದು ಬಟ್ಟಲಿಗೆ ಏನನ್ನೂ ಹಾಕುವುದಿಲ್ಲ. ನಂತರ ಎರಡು ಪ್ರಮಾಣಗಳನ್ನು ಕಂಡುಹಿಡಿಯುತ್ತಾರೆ. ಅರ್ಧದಷ್ಟು ಮರಿಗಳು ಅಂಟಿಕೊಳ್ಳದಂತೆ ಮಾಡಲು ಎಷ್ಟು ಬೇಕು? ಅರ್ಧದಷ್ಟು ಮರಿಗಳನ್ನು ಕೊಲ್ಲಲು ಎಷ್ಟು ಬೇಕು? ಉದಾಹರಣೆಗೆ, ತಡೆಯಲು 1 ಪಾಲು ಸಾಕು, ಕೊಲ್ಲಲು 50 ಪಾಲು ಬೇಕು ಎಂದಿಟ್ಟುಕೊಳ್ಳಿ. ಆಗ ಅದು ಒಳ್ಳೆಯ ಕಾವಲುಗಾರ. ಎರಡಕ್ಕೂ 1 ಪಾಲೇ ಸಾಕಾದರೆ ಅದು ಬೇರೆ ಹೆಸರಿನ ವಿಷವಷ್ಟೇ. ಮತ್ತು ಬಂದ ಮರಿಗಳನ್ನು ಶುದ್ಧ ನೀರಿಗೆ ಬಿಟ್ಟು ಅವು ಮತ್ತೆ ಈಜುತ್ತವೆಯೇ ಎಂದೂ ನೋಡುತ್ತಾರೆ.

ಗಿಡದ್ದೆಂದರೆ ಒಳ್ಳೆಯದೇ?

‘ಗಿಡದಿಂದ ಬಂದದ್ದು, ಆದ್ದರಿಂದ ಕೆಡುಕಿಲ್ಲ’ ಎಂದು ಅನೇಕರು ತಿಳಿದಿದ್ದಾರೆ. ಇದು ಸರಿಯಲ್ಲ. ಮೇಲೆ ಹೇಳಿದ ಡೆರಿಸ್ ಬಳ್ಳಿಯ ಕೆಲವು ಸೋದರ ಜಾತಿಗಳ ಬೇರಿನಲ್ಲಿ ‘ರೊಟಿನೋನ್’ ಎಂಬ ವಸ್ತುವಿದೆ. ಅದು ಮೀನುಗಳಿಗೆ ಘೋರ ವಿಷ. ಆ ಬೇರನ್ನು ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುವ ಪದ್ಧತಿಯೇ ಕೆಲವು ನಾಡುಗಳಲ್ಲಿತ್ತು. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಅನ್ನೂ ಹಡಗಿನ ಬಣ್ಣಕ್ಕೆ ಬೆರೆಸಿ ಪರೀಕ್ಷಿಸಿದ್ದಾರೆ. ಆದರೆ ಅದನ್ನು ಬಳಿಯುವ ಕೆಲಸಗಾರರ ಕಣ್ಣು, ಕೈಗಳ ಗತಿ ಏನು? ಹೀಗಾಗಿ ಗಿಡದ ವಸ್ತುವನ್ನೂ ಮೀನು, ಸಿಗಡಿ, ಸಿಂಪಿಗಳ ಮೇಲೆ ಪರೀಕ್ಷಿಸಿದ ನಂತರವೇ ನಂಬಬೇಕು.

ಇನ್ನೊಂದು ಪ್ರಶ್ನೆಯೂ ಇದೆ. ಪ್ರಪಂಚದ ಹಡಗುಗಳಿಗೆಲ್ಲ ಸಾಕಾಗುವಷ್ಟು ಗಿಡಗಳನ್ನು ಎಲ್ಲಿಂದ ತರುವುದು? ಚರ್ಮ ಹದ ಮಾಡುವ ಟ್ಯಾನಿನ್‌ಗಾಗಿ ಕೆಬ್ರಾಚೊ ಕಾಡುಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ವಿಪರೀತವಾಗಿ ಕಡಿದುಹಾಕಲಾಯಿತು. ಕಡಲಹುಲ್ಲನ್ನು ಕಿತ್ತರೆ ಅದರ ನಡುವೆ ಬೆಳೆಯುವ ಮೀನಿನ ಮರಿಗಳಿಗೆ ಆಸರೆ ಇಲ್ಲದಾಗುತ್ತದೆ. ಆದ್ದರಿಂದ ರಸಾಯನ ವಿಜ್ಞಾನಿಗಳು ಗಿಡದಿಂದ ಸುಳಿವನ್ನು ಮಾತ್ರ ಪಡೆದು, ಅದೇ ವಸ್ತುವನ್ನು ಪ್ರಯೋಗಾಲಯದಲ್ಲಿ ತಯಾರಿಸಲು ಪ್ರಯತ್ನಿಸುತ್ತಾರೆ. ಗೋಡಂಬಿ ಸಿಪ್ಪೆಯಂತಹ, ಹೇಗಿದ್ದರೂ ಉಳಿದುಹೋಗುವ ವಸ್ತುಗಳನ್ನು ಬಳಸುವುದು ಮತ್ತೊಂದು ದಾರಿ.

ಎಲ್ಲಕ್ಕಿಂತ ದೊಡ್ಡ ತೊಡಕು ಬಾಳಿಕೆಯದು. ಅಜ್ಜಿ ಡಬ್ಬಿಯಲ್ಲಿ ಹಾಕಿದ ಬೇವಿನ ಎಲೆಯ ಘಾಟು ಹೋದರೆ ಹೊಸ ಎಲೆ ಹಾಕಬಹುದು. ಹಡಗನ್ನು ತಿಂಗಳಿಗೊಮ್ಮೆ ನೀರಿನಿಂದ ಮೇಲೆತ್ತಿ ಬಣ್ಣ ಬಳಿಯಲಾಗದು. ಅದು ವರ್ಷಗಟ್ಟಲೆ ನೀರಿನಲ್ಲೇ ಇರಬೇಕು. ಜೋಸ್ಟೆರಿಕ್ ಆಮ್ಲವೂ ಟ್ಯಾನಿನ್‌ನಂತೆಯೇ ಬೇಗ ನೀರಿಗೆ ಇಳಿದುಹೋಗುತ್ತದೆ. ಬಟ್ಟೆಯ ಪೆಟ್ಟಿಗೆಯಲ್ಲಿಟ್ಟ ನುಸಿಗುಳಿಗೆ ದಿನದಿನವೂ ಸ್ವಲ್ಪ ಸ್ವಲ್ಪವೇ ಸವೆಯುತ್ತದಲ್ಲವೇ? ಹಾಗೆ ನಿಧಾನವಾಗಿ ಮಾತ್ರ ಹೊರಬರುವಂತೆ ಈ ವಸ್ತುಗಳನ್ನು ಬಣ್ಣದೊಳಗೆ ಹಿಡಿದಿಡುವುದು ಹೇಗೆ ಎಂಬುದರ ಮೇಲೆ ಸಂಶೋಧನೆ ನಡೆಯುತ್ತಿದೆ. ಇಂದಿಗೂ ಹೆಚ್ಚಿನ ಹಡಗುಗಳ ತಳದಲ್ಲಿರುವುದು ತಾಮ್ರದ ಬಣ್ಣವೇ. ಗಿಡಗಳ ಕಾವಲು ಇನ್ನೂ ಪ್ರಯೋಗಾಲಯ ಮತ್ತು ಪರೀಕ್ಷೆಯ ಹಲಗೆಗಳ ಮೇಲೆಯೇ ಹೆಚ್ಚಾಗಿದೆ.

ಮಾಡಿ ನೋಡಿ – 1

ಹಾಲು, ಸಕ್ಕರೆ ಹಾಕದ ಗಟ್ಟಿ ಚಹಾ ಕಷಾಯವನ್ನು ಆರಿಸಿ ಎರಡು ಲೋಟಗಳಿಗೆ ಹಾಕಿ. ಒಂದರಲ್ಲಿ ತುಕ್ಕು ಹಿಡಿದ ಕಬ್ಬಿಣದ ಮೊಳೆಯನ್ನು ಹಾಕಿ ಒಂದು ದಿನ ಬಿಡಿ. ಯಾವುದು ಕಪ್ಪಾಯಿತು? ಚಹಾದಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಕೂಡಿ ಕಪ್ಪು ಬಣ್ಣದ ಹೊಸ ವಸ್ತುವಾಗಿದೆ. ಹಿಂದಿನ ಕಾಲದಲ್ಲಿ ಬರೆಯುವ ಶಾಯಿಯನ್ನು ಇದೇ ರೀತಿ ಮಾಡುತ್ತಿದ್ದರು. (ಎಚ್ಚರಿಕೆ: ಇದನ್ನು ಕುಡಿಯಬಾರದು. ತುಕ್ಕಿನ ಮೊಳೆ ಕೈಗೆ ಚುಚ್ಚದಂತೆ ನೋಡಿಕೊಳ್ಳಿ.)

ಮಾಡಿ ನೋಡಿ – 2

ಒಂದೇ ಅಳತೆಯ ಮೂರು ಹಂಚಿನ ಚೂರುಗಳನ್ನು ತೊಳೆದು ಒಣಗಿಸಿ. ಮೊದಲನೆಯದನ್ನು ಹಾಗೆಯೇ ಇಡಿ. ಉಳಿದ ಎರಡನ್ನು ಗಟ್ಟಿ ಚಹಾ ಕಷಾಯದಲ್ಲಿ ಅಥವಾ ಅಡಿಕೆ ಚೊಗರಿನಲ್ಲಿ ಒಂದು ದಿನ ನೆನೆಸಿ ಒಣಗಿಸಿ. ಮೂರು ಡಬ್ಬಿಗಳಲ್ಲಿ ಒಂದೇ ಪ್ರಮಾಣದ ಕೆರೆಯ ನೀರು ತುಂಬಿ, ಒಂದೊಂದರಲ್ಲಿ ಒಂದೊಂದು ಚೂರು ಮುಳುಗಿಸಿ, ಬೆಳಕಿರುವ ಕಿಟಕಿಯ ಬಳಿ ಇಡಿ. ಮೂರನೆಯ ಚೂರನ್ನು ಮಾತ್ರ ವಾರಕ್ಕೊಮ್ಮೆ ಮತ್ತೆ ಕಷಾಯದಲ್ಲಿ ನೆನೆಸಿ ಒಣಗಿಸಿ ಇಡಿ. ಮೂರು ವಾರಗಳ ಕಾಲ ನೀರಿನ ಬಣ್ಣ, ಚೂರಿನ ಮೇಲಿನ ಲೋಳೆ, ಹಸಿರು ಬಣ್ಣ ಇವುಗಳನ್ನು ಪುಸ್ತಕದಲ್ಲಿ ಬರೆಯುತ್ತಾ ಹೋಗಿ. ಕಂಡದ್ದನ್ನು ಕಂಡ ಹಾಗೆಯೇ ಬರೆಯಿರಿ. ವ್ಯತ್ಯಾಸ ಕಾಣದಿದ್ದರೆ ಅದೂ ಒಂದು ಫಲಿತಾಂಶವೇ! ಕೆರೆಯ ನೀರು ತರಲು ಶಿಕ್ಷಕರ ಜೊತೆಯಲ್ಲೇ ಹೋಗಿ. ಪ್ರಯೋಗ ಮುಗಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಿರಿ.

ಯೋಚಿಸಿ, ಉತ್ತರಿಸಿ

1. ಎರಡನೆಯ ಪ್ರಯೋಗದಲ್ಲಿ ಕಷಾಯ ಹಾಕದ ಒಂದು ಚೂರು ಏಕೆ ಬೇಕು?

2. ನೀರು ಕಂದು ಬಣ್ಣಕ್ಕೆ ತಿರುಗಿದರೆ ಒಳಗೆ ಬೆಳಕು ಕಡಿಮೆಯಾಗುತ್ತದೆ. ಪಾಚಿ ಕಡಿಮೆ ಬೆಳೆದರೆ ಅದಕ್ಕೆ ಕಾರಣ ಟ್ಯಾನಿನ್ನೋ, ಬೆಳಕಿನ ಕೊರತೆಯೋ? ತಿಳಿಯಲು ಪ್ರಯೋಗವನ್ನು ಹೇಗೆ ಬದಲಾಯಿಸುವಿರಿ?

3. ಅರ್ಕಶಾನ್ ಕೊಲ್ಲಿಯ ದೋಣಿಯವರು ತಮ್ಮ ದೋಣಿಗೆ ಮಾತ್ರ ಬಣ್ಣ ಬಳಿದಿದ್ದರು. ಸಿಂಪಿ ಸಾಕುವವರಿಗೆ ನಷ್ಟವಾದದ್ದು ಹೇಗೆ?

4. ನಿಮ್ಮ ಮನೆಯಲ್ಲಿ ಹುಳು, ಸೊಳ್ಳೆ, ನುಸಿಗಳನ್ನು ದೂರ ಇಡಲು ಯಾವ ಗಿಡಗಳನ್ನು ಬಳಸುತ್ತಾರೆ? ಅಜ್ಜ ಅಜ್ಜಿಯರನ್ನು ಕೇಳಿ ಪಟ್ಟಿ ಮಾಡಿ. ಅವುಗಳಲ್ಲಿ ಯಾವುವು ಹುಳುಗಳನ್ನು ಕೊಲ್ಲುತ್ತವೆ, ಯಾವುವು ದೂರ ಮಾತ್ರ ಇಡುತ್ತವೆ ಎಂದು ಪರೀಕ್ಷಿಸುವ ಒಂದು ವಿಧಾನವನ್ನು ನಿಮ್ಮ ತರಗತಿಯಲ್ಲಿ ಚರ್ಚಿಸಿ.